ಅಕ್ಕನ ಆಪರೇಷನ್‌ಗೆ ನಾನು ಮಾಡಿದ ಚೌಕಾಸಿ

“ಡಾಕ್ಟ್ರೇ, ಅಕ್ಕನದು ನನ್ನದಕ್ಕಿಂತ ಚಿಕ್ಕದು. ನನಗೇ ಕಾಯಬಹುದು ಅಂದಿದ್ದೀರಿ, ಅವಳಿಗೇನು ಅವಸರ? ಮದುವೆ ಸೀರೆ ಆರ್ಡರ್ ಮುಗೀಲಿ!”

ದೊಡ್ಡಬಳ್ಳಾಪುರದಲ್ಲಿ ನಾಲ್ಕು ಮಗ್ಗ ಹಾಕಿಕೊಂಡಿದ್ದ ನಾನು, ಅಕ್ಕನ ಆಪರೇಷನ್ ಮುಂದೂಡಲು ವೈದ್ಯರೊಡನೆ ಚೌಕಾಸಿಗಿಳಿದಿದ್ದೆ. ಇಬ್ಬರಿಗೂ ಹೊಟ್ಟೆಯ ದೊಡ್ಡ ರಕ್ತನಾಳ ಉಬ್ಬಿತ್ತು. ನೂಲು ಸುತ್ತಿಕೊಡುವ ಅಕ್ಕನಿಲ್ಲದೆ ನನ್ನ ಮಗ್ಗ ಓಡುತ್ತಿರಲಿಲ್ಲ.

“ಹೆಂಗಸರಿಗೆ ಈ ಉಬ್ಬು ಬೇಗ ಬೆಳೆಯುತ್ತೆ, ಚಿಕ್ಕದಿದ್ದಾಗಲೇ ಒಡೆದುಹೋಗಬಹುದು ಕಣ್ರೀ,” ಎಂದರು ವೈದ್ಯರು.

ಅಕ್ಕ ನನ್ನತ್ತ ತಿರುಗಿದಳು. “ನಿನ್ನದಕ್ಕೆ ಅಂತ ವರ್ಷದಿಂದ ಉಪ್ಪು ಕಮ್ಮಿ ಹಾಕಿ ಸಾರು ಮಾಡ್ತಿದ್ದೀನಿ ಕಣೋ. ನನ್ನದಕ್ಕೆ ಚೌಕಾಸಿ ಮಾಡ್ತೀಯಾ?”

ನಾಚಿಕೆಯಾಗಿ, ಆಪರೇಷನ್‌ಗೆ ದಿನ ಕೇಳಿದೆ.

ಆ ವಾರವೇ ಆಪರೇಷನ್ ಆಗಿ ಅಕ್ಕ ಉಳಿದಳು. ಹೆಂಗಸರ ಕಾಯಿಲೆಯನ್ನು ಗಂಡಸರ ಅಳತೆಯಲ್ಲಿ ನೋಡಬೇಡಿ ಎಂದು ಈಗ ಕಂಡವರಿಗೆಲ್ಲ ಹೇಳುತ್ತೇನೆ. ಅಕ್ಕನ ಸಾರು ಸಪ್ಪೆ ಎನ್ನಲು ಮಾತ್ರ ಇಂದಿಗೂ ಬಾಯಿ ಬರುವುದಿಲ್ಲ.