ಗುಂಯ್ಯಮ್ಮನೂ ನನ್ನ ಕತ್ತರಿಯೂ

ಅವಳನ್ನು ನಾನು ಮೊದಲು ನೋಡಿದ್ದು ಒಂದು ಸೋಮವಾರ ಬೆಳಿಗ್ಗೆ, ನನ್ನ ಪಕ್ಕದ ಕೋಣೆಯನ್ನು ಬಾಡಿಗೆಗೆ ನೋಡಲು ಬಂದಾಗ. ಕೋಣೆ ನೋಡಲು ಬಂದವರು ನಲ್ಲಿ ತಿರುಗಿಸುತ್ತಾರೆ, ಕಿಟಕಿ ತೆರೆದು ಮುಚ್ಚುತ್ತಾರೆ, ಗೋಡೆಯಲ್ಲಿ ತೇವ ಇದೆಯೋ ಎಂದು ಬೆರಳಿಟ್ಟು ನೋಡುತ್ತಾರೆ. ಇವಳು ನಾಲ್ಕೂ ಮೂಲೆಯಲ್ಲಿ ನಿಂತು ಒಂದೊಂದು ಚಪ್ಪಾಳೆ ತಟ್ಟಿದಳು. ತಟ್ಟಿ, ತಲೆ ಓರೆ ಮಾಡಿ ಕೇಳಿಸಿಕೊಂಡಳು. ನೀರು ಎಷ್ಟು ಹೊತ್ತಿಗೆ ಬರುತ್ತದೆ ಎಂದು ಕೇಳಲಿಲ್ಲ, ನನ್ನ ಹೆಸರು ಕೇಳಲಿಲ್ಲ. ಕೊನೆಗೆ ನನ್ನ ಕಡೆಯ ಗೋಡೆಗೆ ಕಿವಿ ಇಟ್ಟಳು.

"ಇದರಾಚೆ ಏನಿದೆ ಅಜ್ಜಿ?"

"ನಾನಿದ್ದೀನಿ."

"ನೀವು ಸದ್ದು ಮಾಡ್ತೀರಾ?"

ಆ ಗೋಡೆಯ ಪಕ್ಕ ಮೂವತ್ತೆಂಟು ವರ್ಷದಿಂದ ಹೊಲಿಗೆ ಮಷಿನ್ ತುಳಿಯುತ್ತಿದ್ದೇನೆ. ಯಜಮಾನರು ಬದುಕಿದ್ದಾಗಲೂ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. "ಉಸಿರಾಡ್ತಿದ್ದೀನಲ್ಲ ತಾಯಿ, ಸ್ವಲ್ಪ ಸದ್ದು ಆಗುತ್ತೆ" ಎಂದೆ. ಅವಳು ನಗಲಿಲ್ಲ. "ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ?" ಎಂದು ಬರೆದುಕೊಳ್ಳಲು ಪುಸ್ತಕ ತೆಗೆದಳು.

ನಲವತ್ತು ದಾಟಿದ ಹೆಂಗಸು, ಕೂದಲಲ್ಲಿ ಯಾವಾಗಲೂ ಒಂದು ಪೆನ್ಸಿಲ್. ನಾನು ಅವಳನ್ನು ಗುಂಯ್ಯಮ್ಮ ಎಂದು ಕರೆದೆ. ಸಾಮಾನು ಇಳಿಸಿದ ಮರುದಿನದಿಂದ ಗೋಡೆಯಾಚೆಯಿಂದ ಬಂದದ್ದು ಅದೊಂದೇ: ಗುಂಯ್. ಬೆಳಿಗ್ಗೆಯಿಂದ ಸಂಜೆಯವರೆಗೆ ಗುಂಯ್. ನಾಲ್ಕು ದಿನ ತಡೆದುಕೊಂಡೆ. ಐದನೆಯ ದಿನ ಬಾಗಿಲು ತಟ್ಟಿದೆ.

"ಸಂಗೀತದವಳು ಅಂದೆಯಲ್ಲ, ಹಾಡು ಯಾವಾಗ ಶುರುವಾಗುತ್ತೆ?"

"ಇದೇ ಅಜ್ಜಿ."

"ಇದಾ?"

"ಇದು ಜನಕ್ಕೆ ಕೇಳಿಸಬೇಕು. ಆದ್ರೆ ಕೇಳಿಸ್ತಾ ಇದೆ ಅಂತ ಗೊತ್ತಾಗಬಾರದು."

ಕೋಟಿನ ಒಳಗಿನ ಲೈನಿಂಗ್ ಬಟ್ಟೆ ಇದ್ದಂತೆ ಎಂದು ಅರ್ಥ ಮಾಡಿಕೊಂಡೆ. ಅದಿಲ್ಲದಿದ್ದರೆ ಕೋಟು ಮೈಮೇಲೆ ಕೂರುವುದಿಲ್ಲ, ಇದ್ದರೆ ಯಾರೂ ಅದನ್ನು ನೋಡುವುದಿಲ್ಲ. ಅವಳ ಅಪ್ಪ ಹಾರ್ಮೋನಿಯಂ ರಿಪೇರಿ ಮಾಡುತ್ತಿದ್ದರಂತೆ. ಅದರ ಒಂದು ಮನೆಯನ್ನು, ಅಂದರೆ ಕೀಯನ್ನು, ಒತ್ತಿ ಹಿಡಿದು, ಸ್ವರ ಸರಿಹೋಗುವವರೆಗೆ ಗಂಟೆಗಟ್ಟಲೆ ಕೇಳುತ್ತಾ ಕೂರುತ್ತಿದ್ದರು. ಆ ಒಂದೇ ಸ್ವರದ ಕೆಳಗೆ ಕೂತು ಮಗ್ಗಿ ಬಾಯಿಪಾಠ ಮಾಡಿದ ಹುಡುಗಿ. ಗುಂಯ್ ಎನ್ನದೆ ಇನ್ನೇನು ಮಾಡಿಯಾಳು?

ಕೆಲಸ ಏನೆಂದರೆ, ಕ್ರಿಸ್‌ಮಸ್ ವಾರದಲ್ಲಿ ಟೀವಿಯಲ್ಲಿ ಬರುವ ಮಕ್ಕಳ ನಾಟಕ, ಆರು ಕಂತು. ಮರದ ತುದಿಗೆ ಇಡುವ ನಕ್ಷತ್ರ ಕಳೆದುಹೋಗುತ್ತದೆ. ಒಬ್ಬ ಪುಟ್ಟ ಹುಡುಗಿ ಅದನ್ನು ಹುಡುಕಿಕೊಂಡು ಹಿಮದ ದೇಶಕ್ಕೆ ಹೋಗುತ್ತಾಳೆ, ಜೊತೆಗೊಂದು ಮಾತಾಡುವ ಕರಡಿ. ಹೆಪ್ಪುಗಟ್ಟಿದ ಕೆರೆಯ ಮೇಲೆ ಹುಡುಗಿ ಒಬ್ಬಳೇ ನಡೆದು ಆಚೆ ದಡಕ್ಕೆ ಹೋಗಬೇಕು. ಆ ಮೂರೂವರೆ ನಿಮಿಷ ಯಾರೂ ಮಾತಾಡುವುದಿಲ್ಲ, ಬರೀ ಸಂಗೀತ. ಗುಂಯ್ಯಮ್ಮನ ಜೀವ ನಿಂತಿದ್ದು ಆ ಕೆರೆಯ ಮೇಲೆ.

ಯಾಕೆಂದರೆ ಅವಳು ಹನ್ನೊಂದು ವರ್ಷ ಒಬ್ಬ ದೊಡ್ಡ ಸಂಗೀತ ನಿರ್ದೇಶಕರ ಕೈಕೆಳಗಿದ್ದಳು. ಮಾಡುವವಳು ಇವಳು, ಪರದೆಯ ಮೇಲೆ ಹೆಸರು ಅವರದು. ಈ ನಾಟಕ ಮೊದಲ ಸಲ ಅವಳ ಹೆಸರಿಗೇ ಬಂದಿತ್ತು. ಆದರೆ ಕೆರೆಯ ಸಂಗೀತವನ್ನು ನಾಟಕದ ನಿರ್ದೇಶಕರು ಜೂನ್ ತಿಂಗಳ ಕೊನೆಯ ಶನಿವಾರದೊಳಗೆ ಒಪ್ಪಬೇಕು. ಒಪ್ಪದಿದ್ದರೆ ಆರೂ ಕಂತು ಆ ದೊಡ್ಡವರಿಗೆ ಹೋಗುತ್ತದೆ, ಹೆಸರೂ ಅವರದೇ. ಇದನ್ನು ಹೇಳುವಾಗ ಅವಳು ಪೆನ್ಸಿಲನ್ನು ಕೂದಲಿಂದ ತೆಗೆದಳು, ಮತ್ತೆ ಸಿಕ್ಕಿಸಿದಳು, ಮತ್ತೆ ತೆಗೆದಳು.

ಹೊರಗೆ ಏಪ್ರಿಲ್ ಬಿಸಿಲು ತಲೆ ಸುಡುತ್ತಿತ್ತು. ಒಳಗೆ ಫ್ಯಾನ್ ಹಾಕುವಂತಿಲ್ಲ, ಮೈಕಿಗೆ ಗಾಳಿಯ ಸದ್ದು ಹಿಡಿಯುತ್ತದೆ. ಬೆವರು ಒರೆಸುತ್ತಾ ಹಿಮ ಮಾಡುತ್ತಿದ್ದಳು. ಅದಕ್ಕೆ ನನ್ನ ಅಡುಗೆಮನೆಯೂ ಬೇಕಾಯಿತು. ಮೊದಲು ಗಾಜಿನ ಲೋಟ ಎರಡು, ಆಮೇಲೆ ಒಂಬತ್ತೂ ಹೋದವು. ನೀರು ತುಂಬಿ, ಒದ್ದೆ ಬೆರಳಿಂದ ಅಂಚು ತಿಕ್ಕುವುದು. ಪಿಟೀಲಿನ ಕಮಾನಿನಿಂದ ನನ್ನ ದೊಡ್ಡ ಪಾತ್ರೆಯ ಮುಚ್ಚಳದ ಅಂಚು ಉಜ್ಜುವುದು. ಒಂದು ತಿಂಗಳು ಅನ್ನಕ್ಕೆ ತಟ್ಟೆ ಮುಚ್ಚಿ ಬೇಯಿಸಿದೆ.

"ಅಜ್ಜಿ, ಒಂದು ಐದು ನಿಮಿಷ ಮಷಿನ್ ನಿಲ್ಲಿಸ್ತೀರಾ?" ಇದು ದಿನಕ್ಕೆ ಹತ್ತು ಸಲ. ಅವಳ ಐದು ನಿಮಿಷ ಎಂದರೆ ಒಂದು ಊಟ ಮುಗಿಸುವಷ್ಟು ಹೊತ್ತು. ಸುಮ್ಮನೆ ಕೂರುವ ಅಭ್ಯಾಸ ನನಗಿಲ್ಲ. ಮಷಿನ್ ನಿಲ್ಲಿಸಿದಾಗಲೆಲ್ಲ ಚೂರು ಬಟ್ಟೆಗಳ ಒಂದು ಕೌದಿ ತೆಗೆದುಕೊಂಡು ಕೈಯಲ್ಲಿ ಹೊಲಿಯುತ್ತಾ ಕೂತೆ. ಬಿಡಿ ಸದ್ದುಗಳ ಹೊತ್ತಿಗೆ ಚೂರು ಜೋಡಿಸುವುದು; ಇಡೀ ಕೆರೆಯ ಸಂಗೀತ ಮೊದಲಿಂದ ಶುರುವಾದರೆ ಹೊಸ ಸಾಲು ಶುರು, ಅದು ನಿಂತರೆ ಅಲ್ಲಿಗೇ ಗಂಟು. ಹೀಗೆ ಅವಳು ಎಷ್ಟು ಸಲ ಆ ಕೆರೆ ದಾಟಿದಳೋ ನನ್ನ ಕೌದಿಯಲ್ಲಿ ಅಷ್ಟು ಸಾಲು.

ಮೂರನೆಯ ಸಾಲಿನ ದಿನ ಒಂದು ಎಡವಟ್ಟಾಯಿತು. ಗುಂಯ್ ಎನ್ನುತ್ತಿದ್ದದ್ದು ಇದ್ದಕ್ಕಿದ್ದಂತೆ ಪಾತಾಳಕ್ಕಿಳಿಯಿತು. ನಾನು ಬೆಚ್ಚಿದೆ, ಸೂಜಿ ಬೆರಳಿಗೆ ಚುಚ್ಚಿತು, ತೊಡೆಯ ಮೇಲಿದ್ದ ಕತ್ತರಿ ಕಲ್ಲು ನೆಲಕ್ಕೆ ಬಿತ್ತು. ಠಣ್! ಗುಂಯ್ ನಿಲ್ಲುವವರೆಗೆ ಸಾಲು ಮುಗಿಸಿ ಗಂಟು ಹಾಕಿದೆ; ಮರುಕ್ಷಣ ಅವಳು ನನ್ನ ಬಾಗಿಲಲ್ಲಿದ್ದಳು.

"ಅಜ್ಜೀ! ಎರಡು ದಿನದ ಕೆಲಸ ಹಾಳಾಯ್ತು!"

"ನಿನ್ನ ಗುಂಯ್‌ಗೆ ನನ್ನ ಬೆರಳು ಹಾಳಾಯ್ತು, ಅದಕ್ಕೇನು ಹೇಳ್ತೀಯ?"

ಮೂರು ದಿನ ಮಾತಿಲ್ಲ. ಕತ್ತರಿ ಸೇರಿಕೊಂಡ ಆ ಮೂರನೆಯದನ್ನೇ ಅವಳು ಸಂಕಲನ ಮಾಡುವವನಿಗೆ ಕಳಿಸಿದಳು, ಚಿತ್ರದ ಅಳತೆಗೆ ಮಾತ್ರ ಇಟ್ಟುಕೊಂಡು ಆಮೇಲೆ ಎಸೆದುಬಿಡಿ ಎಂದು. ನಾವು ಮೊದಲು ಕಚ್ಚಾ ಹೊಲಿಗೆ ಹಾಕಿ ಆಮೇಲೆ ಬಿಚ್ಚುತ್ತೇವಲ್ಲ, ಹಾಗೆ. ಆಮೇಲೆ ಅವಳೂ ಅದನ್ನು ಮರೆತಳು.

ನಿರ್ದೇಶಕರನ್ನು ನಾನು ನೋಡಿಲ್ಲ, ದನಿ ಮಾತ್ರ ಕೇಳಿದ್ದೇನೆ. ಅವಳು ಕೈಗಳನ್ನು ತಲೆಯ ಮೇಲಿಟ್ಟುಕೊಳ್ಳಲು ಅನುಕೂಲವಾಗಲೆಂದು ಫೋನನ್ನು ಮೇಜಿನ ಮೇಲಿಟ್ಟು ಜೋರಾಗಿ ಹಾಕುತ್ತಿದ್ದಳು. ನಾನು ಟೀ ಕೊಡಲು ಹೋದಾಗೆಲ್ಲ ಅದೇ ಕಥೆ.

"ಮೇಡಂ, ತುಂಬಾ ಚೆನ್ನಾಗಿದೆ. ಆದ್ರೆ ಚಳಿ ಸಾಲದು."

ನಾಲ್ಕು ದಿನ ಬಿಟ್ಟು, "ಮೇಡಂ, ಅದ್ಭುತ. ಆದ್ರೆ ಈಗ ಚಳಿ ಜಾಸ್ತಿ ಆಯ್ತು, ಮಕ್ಕಳಿಗೆ ನೆಗಡಿ ಬಂದೀತು."

ಇನ್ನೊಂದು ವಾರಕ್ಕೆ, "ಭಯ ಬೇಕು ಮೇಡಂ. ಆದ್ರೆ ಮಕ್ಕಳು ಹೆದರಬಾರದು. ಕ್ರಿಸ್‌ಮಸ್ ಅನ್ನಿಸಬೇಕು, ಆದ್ರೆ ಗಂಟೆ ಬೇಡ. ಏನೋ ಒಂದು ಬೇಕು ನೋಡಿ, ಏನೋ ಒಂದು..."

ಅವರು ಫೋನ್ ಇಟ್ಟ ಮೇಲೆ ನಾನು ಹೇಳಿದೆ, "ನನ್ನ ಹತ್ತಿರಾನೂ ಇಂಥ ಗಿರಾಕಿಗಳು ಬರ್ತಾರೆ. ತೋಳು ಉದ್ದ ಬೇಡ, ಗಿಡ್ಡ ಬೇಡ, ಮೊದಲಿನ ಹಾಗೂ ಬೇಡ."

"ಅವರಿಗೆ ಏನು ಮಾಡ್ತೀರಿ?"

"ಎರಡು ದಿನ ಬಿಟ್ಟು ಅದನ್ನೇ ಇಸ್ತ್ರಿ ಮಾಡಿ ಕೊಡ್ತೀನಿ."

"ನನ್ನದು ಸಂಗೀತ ಅಜ್ಜಿ!" ಎಂದು ಮುಖ ತಿರುಗಿಸಿದಳು. ಹಟಮಾರಿ. ಪ್ರತಿ ಸಲ ಬುಡದಿಂದ ಹೊಸದು ಮಾಡುವಳು. ಕೌದಿಯಲ್ಲಿ ಹದಿನಾಲ್ಕು ಸಾಲಾಯಿತು.

ಆ ಕೊನೆಯ ಶನಿವಾರಕ್ಕೆ ಎರಡೇ ದಿನ ಉಳಿದಾಗ, ಗುರುವಾರ ಬೆಳಿಗ್ಗೆ, ಅವಳು ನನ್ನ ಕೋಣೆಗೆ ಬಂದು ನೆಲದ ಮೇಲೆ ಕೂತಳು. ಮುಖ ಬೂದಿಯಾಗಿತ್ತು.

"ಮುಗೀತು ಅಜ್ಜಿ. ಬೇರೆ ಯಾರದೋ ಸಂಗೀತ ಕಳಿಸಿದ್ದಾರೆ. ಎರಡು ತಿಂಗಳಿಂದ ಚಿತ್ರಕ್ಕೆ ಇದನ್ನೇ ಹಾಕ್ಕೊಂಡು ನೋಡ್ತಿದ್ದೀವಿ, ಇದರ ಹಾಗೆ ಮಾಡಿಕೊಡಿ, ಇಲ್ಲಾಂದ್ರೆ ಬಿಟ್ಟುಬಿಡಿ ಅಂತಾರೆ."

"ಹೇಗಿದೆ ಅದು?"

"ಚೆನ್ನಾಗಿದೆ. ಅದೇ ಹೊಟ್ಟೆ ಉರಿ. ನಡುವೆ ಒಂದು ಕಡೆ ಮಂಜುಗಡ್ಡೆ ಬಿರಿಯೋ ಸದ್ದು ಇದೆ, ಎದೆ ಝಲ್ ಅನ್ನುತ್ತೆ. ಅದು ಹೇಗೆ ಬಂತು ಅಂತಾನೇ ನನಗೆ ತಿಳೀತಿಲ್ಲ. ಇದನ್ನ ಮಾಡಿದವನನ್ನೇ ಕರೆದು ಮಾಡಿಸಿಕೊಳ್ಳಲಿ!"

ಅಲ್ಲೇ ಫೋನಿನಲ್ಲಿ ಹಾಕಿ ಕೇಳಿಸಿದಳು. ಮೇಲೆ ಗಾಳಿ ಬೀಸುವ ಸದ್ದು, ಹುಡುಗಿಯ ಹೆಜ್ಜೆ ಸದ್ದು ಎಲ್ಲ ಸೇರಿಸಿದ್ದರು. ಅದರ ಕೆಳಗೆ ಗುಂಯ್. ಸ್ವಲ್ಪ ಹೊತ್ತಿಗೆ ಅದು ಪಾತಾಳಕ್ಕಿಳಿಯಿತು. ಆಮೇಲೆ ಠಣ್!

"ಅದು ನನ್ನ ಕತ್ತರಿ" ಎಂದೆ.

"ಸುಮ್ಮನಿರಿ ಅಜ್ಜಿ, ತಮಾಷೆ ಮಾಡೋ ಹೊತ್ತಾ ಇದು?"

ನಾನು ಎದ್ದು ಹೋಗಿ ಕೌದಿ ತಂದೆ. ಅವಳ ತೊಡೆಯ ಮೇಲೆ ಹಾಸಿ, ಮೇಲಿಂದ ಮೂರನೆಯ ಸಾಲಿನ ಮೊದಲ ಹೊಲಿಗೆಯ ಮೇಲೆ ಅವಳ ಬೆರಳಿಟ್ಟೆ. "ಮೊದಲಿಂದ ಹಾಕು. ನಾನು ಸರಿಸಿದ ಹಾಗೆ ಬೆರಳು ಸರಿಸು." ನನ್ನ ಕೈಗೆ ಅದರದೇ ನಡಿಗೆ ಇದೆ, ಮೂವತ್ತೆಂಟು ವರ್ಷದ್ದು, ಅದು ಅವಸರ ಮಾಡುವುದಿಲ್ಲ. ಒಂದೊಂದೇ ಹೊಲಿಗೆ ದಾಟಿದೆವು. ಸಾಲಿನ ಅರ್ಧ ಕಳೆದ ಮೇಲೆ ಒಂದು ಹೊಲಿಗೆ ಸೊಟ್ಟಗೆ ಹಾರಿತ್ತು, ಪಕ್ಕದಲ್ಲಿ ಸಾಸಿವೆಯಷ್ಟು ಕಂದು ಕಲೆ. ಅವಳ ಬೆರಳು ಅಲ್ಲಿಗೆ ಮುಟ್ಟುವುದಕ್ಕೂ ಫೋನಿನಲ್ಲಿ ಠಣ್ ಎನ್ನುವುದಕ್ಕೂ ಸರಿಹೋಯಿತು. ಸಂಗೀತ ನಿಂತಾಗ ಬೆರಳು ಗಂಟಿನ ಮೇಲಿತ್ತು.

ಅವಳು ಮೇಲಿಂದ ಸಾಲುಗಳನ್ನು ಎಣಿಸಿದಳು.

"ಮೂರನೇದು" ಎಂದಳು.

"ಮೂರನೇದು. ನೀನು ಮೂರು ದಿನ ಮುಖ ಊದಿಸಿಕೊಂಡಿದ್ದೆಯಲ್ಲ, ಅದೇ."

"ಎಸೀರಿ ಅಂದಿದ್ದನ್ನ ಇಟ್ಟುಕೊಂಡು, ನನ್ನದನ್ನೇ ನನಗೆ ಕೊಟ್ಟು, ಇದರ ಹಾಗೆ ಮಾಡು ಅಂತಾರಾ ಅಜ್ಜಿ?"

"ಇನ್ನೂ ಹನ್ನೊಂದು ಕೆರೆ ದಾಟಿಸಿ ಆದ ಮೇಲೆ."

ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯಲಿಲ್ಲ, ಕೌದಿಯಲ್ಲಿ ಮುಖ ಹುದುಗಿಸಿದ್ದಳು. ಫೋನ್ ಮಾಡಿ ಅವರಿಗೆ ನಾಲ್ಕು ಮಾತು ಬಿಗಿಯಬೇಕು ಎಂದು ಎದ್ದಳು, ಕೂತಳು, ಮತ್ತೆ ಎದ್ದಳು. ನಾನು ಇಸ್ತ್ರಿಯ ಮಾತು ನೆನಪಿಸಿದೆ. ಗಾಳಿ, ಹೆಜ್ಜೆ ಏನೂ ಇಲ್ಲದ ಆ ಮೂರನೆಯದನ್ನು ಶುಕ್ರವಾರ ಸಂಜೆ ಹದಿನೈದನೆಯದು ಎಂದು ಕಳಿಸಿದಳು. ಶನಿವಾರ ಬೆಳಿಗ್ಗೆ ಫೋನ್ ಬಂತು.

"ಇದೇ ಮೇಡಂ! ಇದೇ! ನಾವು ಕಳಿಸಿದ್ದಕ್ಕಿಂತ ಒಂದು ಕೈ ಮೇಲೆ. ನೋಡಿದ್ರಾ, ಹೇಳಿದ ಹಾಗೆ ಕೇಳಿದ್ರೆ ಬರುತ್ತೆ."

ಅವಳು ಹಲ್ಲು ಕಚ್ಚಿ "ಹೌದು ಸಾರ್" ಎಂದಳು. ಫೋನ್ ಇಟ್ಟ ಮೇಲೆ ಅವಳು ಆಡಿದ್ದನ್ನು ನಾನು ಬಾಯಿಬಿಟ್ಟು ಹೇಳುವುದಿಲ್ಲ.

ಡಿಸೆಂಬರಿನಲ್ಲಿ ನನ್ನ ಕೋಣೆಯ ಟೀವಿಯ ಮುಂದೆ ಇಬ್ಬರೂ ಕೂತೆವು. ಹುಡುಗಿಯ ಕೋಟಿನ ಎಡತೋಳು ಕಂಕುಳಲ್ಲಿ ಎಳೆಯುತ್ತಿತ್ತು, ಯಾರು ಹೊಲಿದರೋ. ಮೊದಲ ಕಂತು ಮುಗಿಯಿತು, ಹೆಸರುಗಳು ಬಂದವು. ಆದರೆ ಪರದೆಯನ್ನು ಅಂಗೈಯಷ್ಟು ಮಾಡಿ ಒಂದು ಮೂಲೆಗೆ ತಳ್ಳಿದರು. ಪಕ್ಕದಲ್ಲಿ ಯಾರೋ ಮುಂದಿನ ಕಾರ್ಯಕ್ರಮದ ಬಗ್ಗೆ ಕಿರುಚುತ್ತಿದ್ದರು. ನಾನು ಶಾಲೆಗೆ ಹೋದದ್ದು ಎರಡು ವರ್ಷ, ಅಕ್ಷರ ಕೂಡಿಸಿ ಓದುವವಳು. 'ಸಂಗೀತ' ಎಂಬುದನ್ನು ಕೂಡಿಸುವಷ್ಟರಲ್ಲಿ ಹೆಸರು ಹೋಗಿಯೇ ಬಿಟ್ಟಿತು.

"ಹನ್ನೊಂದು ವರ್ಷ ಕಾದಿದ್ದು ಇಷ್ಟಕ್ಕಾ?" ಎಂದೆ. ನನಗೇ ರೇಗಿತ್ತು.

ಅವಳು ನನ್ನ ಮಾರ್ಕಿಂಗ್ ಚಾಕಿನಿಂದ ಒಂದು ಕರಿ ಬಟ್ಟೆಯ ಮೇಲೆ ತನ್ನ ಹೆಸರು ಬರೆದುಕೊಟ್ಟಳು. ದಿನವೂ ನೋಡಿಕೊಂಡೆ. ಎರಡನೆಯ ಕಂತಿನಲ್ಲಿ ಮೊದಲ ಅಕ್ಷರ ಸಿಕ್ಕಿತು, ನಾಲ್ಕನೆಯದರಲ್ಲಿ ಅರ್ಧ. ಆರನೆಯ ಕಂತಿನಲ್ಲಿ ಅದು ಹೋಗುವ ಮೊದಲೇ ಇಡೀ ಹೆಸರನ್ನು ಗಟ್ಟಿಯಾಗಿ ಓದಿದೆ. ಅವಳು ಪೆನ್ಸಿಲ್ ತೆಗೆದಳು, ಸಿಕ್ಕಿಸಿದಳು.

ಹೊಸ ವರ್ಷಕ್ಕೆ ಕೋಣೆ ಬಿಟ್ಟಳು. ದಪ್ಪ ಗೋಡೆಯ ಜಾಗ ಸಿಕ್ಕಿತಂತೆ. ಲೋಟಗಳನ್ನು ತೊಳೆದು ತಂದಿಟ್ಟಳು, ಎಂಟೇ ಇದ್ದವು. ಮುಂದಿನ ಕ್ರಿಸ್‌ಮಸ್‌ಗೂ ಅವಳೇ ಮಾಡಬೇಕಂತೆ, ಆ ಮಂಜು ಬಿರಿಯುವ ಸದ್ದು ಬೇಕೇ ಬೇಕಂತೆ. ಕತ್ತರಿ ಕೊಡುವುದಿಲ್ಲ ಎಂದೆ, ಅದು ಯಜಮಾನರು ತಂದುಕೊಟ್ಟದ್ದು. ಹಾಗಾದರೆ ಬೀಳಿಸಿಯಾದರೂ ಕೊಡಿ ಎಂದಳು. ಮೈಕಿನ ಮುಂದೆ ಆರು ಸಲ ಬೀಳಿಸಿದೆ. ಆರೂ ಸಲ "ಇನ್ನೊಂದು ಅಜ್ಜಿ" ಎಂದಳು.

ಎಲ್ಲ ಕಟ್ಟಿ ಬಾಗಿಲವರೆಗೆ ಹೋದವಳು ನಿಂತಳು. ಚೀಲ ಕೆಳಗಿಟ್ಟು ಪುಸ್ತಕ ತೆಗೆದು, ಕೂದಲಿಂದ ಪೆನ್ಸಿಲ್ ಎಳೆದಳು. ಮುಂದಿನ ನಾಟಕದ ಪರದೆಗೆ ಹೆಸರುಗಳ ಪಟ್ಟಿ ಕೊಡಬೇಕಂತೆ, ಅದರಲ್ಲಿ ಮಂಜು ಬಿರಿಯುವ ಸದ್ದಿಗೆ ಬೇರೆ ಒಂದು ಸಾಲು ಬರೆಸಿದ್ದಾಳಂತೆ.

"ಅಜ್ಜಿ, ನಿಮ್ಮ ಹೆಸರೇನು?"