ಗಂಟಲು ನೋಡುತ್ತಿದ್ದ ಪುಟ್ಟಲಕ್ಷ್ಮಮ್ಮ

ಪಾಂಡವಪುರದ ಒಂದು ಹಾಸ್ಟೆಲಿನಲ್ಲಿ ಪುಟ್ಟಲಕ್ಷ್ಮಮ್ಮ ಹದಿನೆಂಟು ವರ್ಷ ಹಿಟ್ಟು, ಎಂದರೆ ರಾಗಿ ಮುದ್ದೆ, ತೊಳಸಿದರು. ಹುಟ್ಟಿದ್ದು ಬೆಳಗೊಳದಲ್ಲಿ. ಗಂಡ ತೀರಿಕೊಂಡ ಮೇಲೆ ಬಂದು ಸೇರಿದ ಅಡುಗೆಮನೆ ಅದು. ನಲವತ್ತು ಹುಡುಗರು, ಎರಡು ಹೊತ್ತು. ಕವೆಗೋಲಿಗೆ ಕಾಲು ಕೊಟ್ಟು ಪಾತ್ರೆ ಅಲುಗದಂತೆ ಹಿಡಿದು, ಎರಡೂ ಕೈಯಲ್ಲಿ ದೊಣ್ಣೆ ತಿರುಗಿಸುವಾಗ ಅವರ ಬಲ ಮಣಿಕಟ್ಟು ಲಟಕ್ಕೆನ್ನುತ್ತಿತ್ತು. ನೋವು ಹಳೆಯದಾಗಿ, ಅದರ ಬಗ್ಗೆ ಹೇಳುವುದನ್ನೂ ಬಿಟ್ಟಿದ್ದರು.

ಬಡಿಸಿದ ಮೇಲೆ ಗೋಡೆಗೊರಗಿ ಕೂತು ಹುಡುಗರ ಗಂಟಲು ನೋಡುತ್ತಿದ್ದರು. ಹಿಟ್ಟನ್ನು ಅಗಿಯುವುದಿಲ್ಲ, ಮುರಿದು, ಸಾರಿನಲ್ಲಿ ಹೊರಳಿಸಿ, ನುಂಗುವುದು. ತುತ್ತು ಇಳಿಯುವುದು ಕತ್ತಿನ ಮೇಲೆ ಕಾಣುತ್ತದೆ. ಜ್ವರ ಬರಲಿರುವವನು ಯಾರು, ಕದ್ದು ಬೀಡಿ ಸೇದಿದವನು ಯಾರು, ಊರು ನೆನೆದು ಅತ್ತವನು ಯಾರು, ಎಲ್ಲ ಅವರಿಗೆ ಅಲ್ಲೇ ತಿಳಿಯುತ್ತಿತ್ತು. ಹಾಗೆಂದು ಅವರು ನಂಬಿದ್ದರು.

ಅರವತ್ತನಾಲ್ಕನೇ ಇಸವಿಯ ದೀಪಾವಳಿ ಕಳೆದ ಮೇಲೆ ಚಲುವರಾಜು ಹಿಟ್ಟು ಅಗಿಯತೊಡಗಿದ.

ಅವನು ಕೆ.ಆರ್. ಪೇಟೆ ಕಡೆಯ ಕುರಿ ಸಾಕುವ ಚಿಕ್ಕಬೀರಯ್ಯನ ಮಗ. ಎಸ್ಸೆಸ್ಸೆಲ್ಸಿ. ಅವನ ಊರಿನಲ್ಲಿ ನಾಲ್ಕನೇ ಕ್ಲಾಸು ದಾಟಿದವರು ಬೇರೆ ಇರಲಿಲ್ಲ. ಅವನು ಐದಕ್ಕೆ ಹೋದ ವರ್ಷವೇ ಊರು ಅವನಿಗೆ ಅಮಲ್ದಾರ ಎಂದು ಹೆಸರಿಟ್ಟಿತ್ತು. ಹಾಸ್ಟೆಲಿನ ಹುಡುಗರೂ ಅದನ್ನೇ ಹಿಡಿದುಕೊಂಡಿದ್ದರು.

"ಅಮಲ್ದಾರ್ರು ಇಟ್ಟು ಅಗೀತಾವ್ರೆ ನೋಡ್ರಲಾ! ಎಲೆ ಅಡಿಕೆ ಅಂದ್ಕಂಡವ್ರೆ!"

"ಅನ್ನ ಬೇಕೇನೋ ಬುದ್ಧಿಯವ್ರಿಗೆ!"

ಚಲುವರಾಜು ನಗುತ್ತಿದ್ದ. ಅರ್ಧ ಮುದ್ದೆ ತಟ್ಟೆಯಲ್ಲೇ ಉಳಿಯುತ್ತಿತ್ತು. ವಾರ್ಡನ್ ಮೇಷ್ಟ್ರು ಅದನ್ನು ಕೊಬ್ಬು ಎಂದರು. ಪುಟ್ಟಲಕ್ಷ್ಮಮ್ಮನವರು ಕಿರುನಾಲಿಗೆ ಇಳಿದಿದೆ ಎಂದುಕೊಂಡರು. ಅದಕ್ಕೆ ಅವರ ತಾಯಿ ಕಲಿಸಿದ ಮದ್ದೊಂದಿತ್ತು: ನೆತ್ತಿಯ ಕೂದಲನ್ನು ಬೆರಳಿಗೆ ಸುತ್ತಿ ಜೋರಾಗಿ ಜಗ್ಗಿದರೆ ಕಿರುನಾಲಿಗೆ ಮೇಲೇರುತ್ತದೆ. ಒಂದು ಭಾನುವಾರ ಮಧ್ಯಾಹ್ನ ಅವನನ್ನು ಹಿತ್ತಲಲ್ಲಿ ಹಿಡಿದು ಕೂರಿಸಿದರು.

"ಬ್ಯಾಡ ಅಮ್ಮಯ್ಯ."

"ಬ್ಯಾಡ್ದೆ ಏನು? ಒಂದ್ಸಲ ಜಗ್ಗುದ್ರೆ ಆಯ್ತು. ತಲೆ ಮುಟ್ಟುಸ್ಕಳಕ್ಕೆ ನಾಚ್ಕಳಕ್ಕೆ ನೀನೇನು ಮದ್ವಣಗಿತ್ತೇನ್ಲಾ?"

ಎಣ್ಣೆ ಹಚ್ಚಿ ಅಡ್ಡ ಬಾಚಿದ ಕೂದಲೊಳಗೆ ಅವರ ಬೆರಳು ಹೋಯಿತು. ಸುತ್ತಿಕೊಳ್ಳಲು ನೆತ್ತಿಯಲ್ಲಿ ಕೂದಲೇ ಇರಲಿಲ್ಲ. ಎಂಟಾಣೆ ಅಗಲದ ಬೋಳು, ಅಂಚಿನಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಚುಕ್ಕೆಗಳು. ಹುಳುಕಡ್ಡಿ ಅವರು ಕಂಡಿದ್ದರು. ಇದು ಅದಲ್ಲ.

"ಯಾರ್ಲಾ ಕಿತ್ತೋರು?"

"ನಾನೇ."

"ಯಾಕ್ಲಾ ಮಗ?"

"ಓದ್ತಾ ಕುಂತ್ರೆ ಕೈ ತಾನೇ ಓಯ್ತದೆ. ಅಕ್ಸರ ಕಾಣ್ತವೆ ಅಮ್ಮಯ್ಯ, ಒಳೀಕೆ ಓಗಾಕಿಲ್ಲ. ರಾತ್ರಿ ನಿದ್ದೇನೂ ಬರಾಕಿಲ್ಲ. ಒಂದು ಕೂದ್ಲು ಕಿತ್ರೆ ಒಂದ್ಗಳಿಗೆ ಸುಮ್ಗಾಯ್ತದೆ. ನಪಾಸಾದ್ರೆ ಊರೊಳೀಕೆ ಎಂಗ್ ಓಗ್ಲಿ? ಸಂಜೆ ನಾಲೆ ಏರಿ ಮ್ಯಾಲೆ ಓಗಿ ನಿಂತ್ಕತೀನಿ. ನೀರು ನೋಡ್ತಾ ಇದ್ರೆ ವಾಪಸ್ ಬರಕ್ಕೆ ಮನಸಾಗಾಕಿಲ್ಲ."

ಪುಟ್ಟಲಕ್ಷ್ಮಮ್ಮ ಅವನ ಪಕ್ಕದಲ್ಲೇ ಕೂತರು. ಇಷ್ಟು ವರ್ಷ ಗಂಟಲು ನೋಡಿದ್ದರು, ಒಬ್ಬನನ್ನೂ ಕೇಳಿರಲಿಲ್ಲ.

ವಾರ್ಡನ್ ಮೇಷ್ಟ್ರಿಗೆ ಹೇಳಿದರು. "ಪರೀಕ್ಷೆ ಅಂದಮೇಲೆ ಎಲ್ಲರಿಗೂ ಹೆದರಿಕೆ ಇರ್ತದೆ. ನೀವು ಸೌಟು ನೋಡ್ಕೊಳ್ಳಿ ಪುಟ್ಟಲಕ್ಷ್ಮಮ್ಮ," ಎಂದರು ಅವರು. ಕೆಟ್ಟವರಲ್ಲ; ಈ ವರ್ಷ ಹಾಸ್ಟೆಲಿಗೆ ಒಂದು ಫಸ್ಟ್ ಕ್ಲಾಸು ಬೇಕಾಗಿತ್ತು.

ಅಂದಿನಿಂದ ಸಂಜೆಯಾದರೆ ಅವರು ಚಲುವರಾಜುವನ್ನು ಹುರುಳಿ ಆರಿಸಲು ಕರೆದು ಕೂರಿಸಿಕೊಂಡರು. ಕಲ್ಲು ಮುಗಿದ ಹುರುಳಿಯನ್ನೇ ಮತ್ತೆ ಮೊರಕ್ಕೆ ಸುರಿದರು. ಅವನು ಬಚ್ಚಲಿಗೆ ಹೋದರೂ ಬಾಗಿಲವರೆಗೆ ಬಂದು ನಿಂತರು. ಹೀಗೆ ಹನ್ನೊಂದು ಸಂಜೆ. ರಾತ್ರಿ ಹಾಸಿಗೆಗೆ ಬಿದ್ದರೆ ಮೈಯೆಲ್ಲ ಯಾರೋ ಕುಟ್ಟಿದಂತೆ.

ಹನ್ನೆರಡನೆಯ ದಿನ ಚಿಕ್ಕಬೀರಯ್ಯ ಬಂದ. ಹೆಗಲ ಮೇಲೆ ಕಂಬಳಿ, ಕೈಯಲ್ಲಿ ಹುರಿದ ಕಡಲೆಕಾಯಿಯ ಗಂಟು. ಗೇಟಿನಿಂದಲೇ ಕೂಗಿದ, "ಎಲ್ಲವ್ರೆ ನಮ್ ಅಮಲ್ದಾರ್ರು?"

ಪುಟ್ಟಲಕ್ಷ್ಮಮ್ಮ ಅಡ್ಡ ಬಂದರು. "ಅಣ್ಣ, ಮಗನ್ನ ಊರಿಗೆ ಕರ್ಕೊಂಡೋಗು."

"ಮಾರ್ಚಿಗೆ ಪರೀಕ್ಸೆ ಮಡಿಕಂಡು?"

"ಈ ಮಾರ್ಚಿ ಬ್ಯಾಡ."

"ಏನ್ ಮಾತಾಡ್ತೀಯಕ್ಕ! ಒಂದ್ ವರ್ಸ ತಗಂಡೋಗಿ ನೀರಿಗಾಕ್ಬುಡ್ಲಾ?"

"ಮಗನ್ನ ನೀರಿಗಾಕೋದ್ಕಿಂತ ವಾಸಿ ಕಣಣ್ಣ."

ಅವನ ಮುಖ ಕಪ್ಪಿಟ್ಟಿತು. ಅಡುಗೆಯವಳಿಂದ ಬುದ್ಧಿ ಕೇಳಲು ಬಂದಿಲ್ಲ ಎಂದು ಹಾಸ್ಟೆಲಿಗೆಲ್ಲ ಕೇಳುವಂತೆ ಗದರಿದ. ಪುಟ್ಟಲಕ್ಷ್ಮಮ್ಮ ಚಲುವರಾಜುವನ್ನು ಕರೆದು, ತಂದೆಯ ಮುಂದೆ ಕೂರಿಸಿ, "ಬಗ್ಗುಲಾ ಮಗ," ಎಂದರು.

ಚಿಕ್ಕಬೀರಯ್ಯನ ಕೈ ತಾನಾಗಿಯೇ ಕೂದಲನ್ನು ಎರಡು ಭಾಗ ಮಾಡಿತು, ಕುರಿಯ ಉಣ್ಣೆ ಬಿಡಿಸಿ ಚರ್ಮ ನೋಡುವ ಹಾಗೆ. ಬೋಳಿನ ಸುತ್ತ ಹೆಬ್ಬೆರಳು ಒಂದು ಸುತ್ತು ಬಂತು. ಅಂಚಿನ ಚುಕ್ಕೆಗಳ ಮೇಲೆ ನಿಂತಿತು.

"ಕುರಿ ತನ್ ಉಣ್ಣೆ ತಾನೇ ಕಿತ್ಕಂಡ್ರೆ," ಎಂದ ಕೊನೆಗೆ, ಯಾರನ್ನೂ ನೋಡದೆ, "ಮಂದೆಯಿಂದ ಬುಡ್ಸಿ ಮನೇತಾವ ಕಟ್ಕತೀವಿ ಕಣಕ್ಕ. ಗದರಾಕಿಲ್ಲ, ಒಡೆಯಾಕಿಲ್ಲ." ಬೋಳಿನ ಮೇಲೆ ಕೂದಲು ಎಳೆದು ಮುಚ್ಚಿದ. "ಊರೋರ್ಗೆ ಏನೇಳ್ಲಿ?"

"ಕುರಿ ಕಾಯಕ್ಕೆ ಆಳಿಲ್ಲ ಅನ್ನು."

"ನಗ್ತಾರೆ."

"ನಗ್ಲಿ ಬುಡಣ್ಣ."

ಟ್ರಂಕು ತಂದೆಯೇ ಹೊತ್ತ. ಹುಡುಗ ಬರಿಗೈಯಲ್ಲಿ ಹಿಂದೆ ನಡೆದ. ಒಂದು ವರ್ಷ ಹಾಳು ಮಾಡಿದಿರಿ ಎಂದು ವಾರ್ಡನ್ ಮೇಷ್ಟ್ರು ಎಷ್ಟೋ ದಿನ ಅಂದರು. ಇರಬಹುದು ಎಂದು ಪುಟ್ಟಲಕ್ಷ್ಮಮ್ಮನವರಿಗೂ ಒಮ್ಮೊಮ್ಮೆ ಅನ್ನಿಸಿತು. ಎದುರಾಡುವಷ್ಟು ಕಸುವು ಅವರಲ್ಲಿರಲಿಲ್ಲ.

ಬೇಸಿಗೆಯಲ್ಲಿ, ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸುವ ಕಾಲಕ್ಕೆ, ಚಿಕ್ಕಬೀರಯ್ಯ ಆ ಕಡೆ ಬಂದಿದ್ದ. ಹಾಸ್ಟೆಲಿನ ಬೇಲಿಯಾಚೆ ನಿಂತು ಕರೆದ.

"ಎಂಗವ್ನೆ?" ಎಂದು ಕೇಳಿದರು ಪುಟ್ಟಲಕ್ಷ್ಮಮ್ಮ.

"ಇನ್ನೂ ಪುಸ್ತಕ ಮುಟ್ಟಿಲ್ಲ. ನಾನೂ ಕೇಳಿಲ್ಲ."

"ನಿದ್ದೆ?"

"ಮಂದೇತಾವ ಬಿದ್ಕಂಡವ್ನೆ ನೋಡು. ಒತ್ತು ನೆತ್ತಿಗೆ ಬಂದದೆ, ನಾಯಿ ಬೊಗಳುದ್ರೂ ಎದ್ದಿಲ್ಲ, ಬಡ್ಡೈದ."

ದೂರದ ಗದ್ದೆಯಲ್ಲಿ, ಹೊಂಗೆಯ ನೆರಳಲ್ಲಿ, ಕಂಬಳಿಯೊಂದು ಕಾಣುತ್ತಿತ್ತು. ಅದರಿಂದ ಹೊರಗೆ ಚಾಚಿದ ಎರಡು ಕಾಲು. ಅವರು ಕಣ್ಣಿಗೆ ಕೈ ಅಡ್ಡ ಹಿಡಿದು ನೋಡುತ್ತ ನಿಂತರು.

"ಎಬ್ಬುಸ್ಲಾ ಅಕ್ಕ? ನಿನ್ ನೋಡ್ಲಿ."

"ಬ್ಯಾಡ," ಎಂದರು ಅವರು. "ಮಲ್ಗಿರ್ಲಿ."