ಬಾಯಿ ತೊಳೆಯದೆ ಬಂದವರು

ನಾನು ಏನು ಕೆಲಸ ಮಾಡುತ್ತೇನೆ ಎಂಬುದು ನನ್ನ ಸೋದರತ್ತೆಗೆ ಪೂರ್ತಿ ತಿಳಿದಿಲ್ಲ. ಅಭಿಮಾನಕ್ಕೆ ಮಾತ್ರ ಕೊರತೆಯಿಲ್ಲ. ಸುರಪುರದಲ್ಲಿ ಆಕೆಯದೊಂದು ಹಿಟ್ಟಿನ ಗಿರಣಿ ಇದೆ. ಜೋಳ ಬೀಸಿಸಲು ಬಂದ ಹೆಂಗಸರಿಗೆಲ್ಲ ನನ್ನನ್ನು ತೋರಿಸಿ, ಗಿರಣಿಯ ಸದ್ದನ್ನೂ ಮೀರಿಸಿ ಕೂಗುತ್ತಾಳೆ: "ನಮ್ಮ ಅಣ್ಣನ ಮಗಳರಿ. ಕ್ಯಾನ್ಸರ್ ಡಾಕ್ಟರ್. ಆದ್ರ ಸೂಜಿ ಹಾಕಾಕ ಬರಂಗಿಲ್ಲ!"

ಹೈದರಾಬಾದಿನ ಒಂದು ಪ್ರಯೋಗಾಲಯದಲ್ಲಿ ನಾನು ಪೋಸ್ಟ್‌ಡಾಕ್. ಅಂದರೆ ಪಿಎಚ್‌ಡಿ ಮುಗಿದಿದೆ, ಖಾಯಂ ಕೆಲಸ ಇನ್ನೂ ಸಿಕ್ಕಿಲ್ಲ, ನಡುವೆ ಇನ್ನೊಬ್ಬರ ಲ್ಯಾಬಿನಲ್ಲಿ ಸಂಶೋಧನೆ ನಡೆದಿದೆ. ಅತ್ತ ಮದುವೆಯ ಮನೆಯವಳೂ ಅಲ್ಲ, ಇತ್ತ ಬೀಗರ ಕಡೆಯವಳೂ ಅಲ್ಲ. ತಂಬಾಕು ಬಳಸುವವರ ಬಾಯಿಯೊಳಗಿನ ಕೋಶಗಳು, ಕ್ಯಾನ್ಸರ್ ಬರುವುದಕ್ಕೆ ಬಹಳ ಮೊದಲೇ ಹೇಗೆ ಬದಲಾಗುತ್ತವೆ ಎಂದು ನೋಡುವುದು ನನ್ನ ಪಾಲಿನ ಕೆಲಸ. ಕೆನ್ನೆಯ ಒಳಗೆ ಒಂದು ಪುಟ್ಟ ಬ್ರಷ್ ಆಡಿಸಿದರೆ ಕೋಶಗಳು ಅಂಟಿಕೊಂಡು ಬರುತ್ತವೆ. ನೋವಿಲ್ಲ, ರಕ್ತವಿಲ್ಲ.

ನಮ್ಮ ಕಡೆಯ ಹೆಂಗಸರ ಬಾಯಿಗಳೇ ಬೇಕು ಎಂದು ಹಟ ಹಿಡಿದವಳು ನಾನು. ಕಾರಣ, ಮಿಶ್ರಿ. ತಂಬಾಕನ್ನು ಹೆಂಚಿನ ಮೇಲೆ ಕರ್ರಗೆ ಹುರಿದು, ಪುಡಿ ಮಾಡಿ, ಅದರಿಂದ ಹಲ್ಲು ತಿಕ್ಕುವುದು. ಗುಟ್ಕಾ ತಿನ್ನುವ ಗಂಡಸರನ್ನು ಬಯ್ಯುವ ಹೆಂಗಸರೇ ಬೆಳಿಗ್ಗೆ ಎದ್ದು ಮಿಶ್ರಿ ತಿಕ್ಕುತ್ತಾ ಕೂರುತ್ತಾರೆ. ಅವರ ಲೆಕ್ಕದಲ್ಲಿ ಅದು ಚಟವಲ್ಲ, ಶುಚಿ. ಶಹಾಪುರದ ನಮ್ಮ ಮನೆಯಿಂದ ರಜೆಗೆಂದು ಸುರಪುರಕ್ಕೆ ಹೋದಾಗಲೆಲ್ಲ ಅತ್ತೆ ಅಂಗಳದಲ್ಲಿ ಮಿಶ್ರಿ ಹುರಿಯುವ ಘಾಟಿಗೆ ನಾನು ಸೀನುತ್ತಿದ್ದೆ. ಆಕೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಮಿಶ್ರಿಯ ಡಬ್ಬಿ ಈಗಲೂ ಹಾಗೇ ಇತ್ತು.

ಅನುಮತಿಗಳೆಲ್ಲ ಸಿಕ್ಕ ಮೇಲೆ ಹೆಂಗಸರನ್ನು ಕೂಡಿಸುವ ಕೆಲಸ ಅತ್ತೆಗೇ ಒಪ್ಪಿಸಿದೆ. ಗಿರಣಿಯವಳ ಮಾತನ್ನು ಯಾರು ಮೀರುತ್ತಾರೆ? ನಾನು ಒಬ್ಬ ದಂತ ವೈದ್ಯೆಯನ್ನು ಕರೆದುಕೊಂಡು, ಯಾದಗಿರಿಯಲ್ಲಿ ರೈಲಿಳಿದು, ಬಸ್ಸು ಹಿಡಿದು ಹೋದಾಗ ಗಿರಣಿಯ ಮುಂದೆ ಜಾತ್ರೆಯಂತೆ ಜನ. ಹುಣಸಗಿಯಿಂದಲೂ ಬಂದಿದ್ದರು. ಮೊದಲನೆಯವಳು ಬಾಯಿ ತೆರೆದಳು. ಒಳಗೆಲ್ಲ ಕಪ್ಪು. ಬ್ರಷ್ಷೂ ಕಪ್ಪಾಗಿ ಹೊರಬಂತು. ಎರಡನೆಯವಳದೂ ಹಾಗೇ, ಮೂರನೆಯವಳದೂ ಹಾಗೇ.

"ಏನಿದು?" ಎಂದೆ.

"ನೀ ಬಾಯಿ ನೋಡ್ತೀ ಅಂತ ಎಲ್ಲಾರಿಗೂ ಹೇಳೀನಿ," ಎಂದಳು ಅತ್ತೆ, ಹೆಮ್ಮೆಯಿಂದ. "ಹೈದರಾಬಾದಿನಿಂದ ಬರಾಕತ್ಯಾಳ, ಮರ್ಯಾದಿ ಉಳಸ್ರಿ, ಬರೋಬ್ಬರಿ ತಿಕ್ಕೊಂಡು ಬರ್ರಿ ಅಂದೆ. ಎಲ್ಲಾರೂ ಎರಡೆರಡು ಸಲ ತಿಕ್ಕೊಂಡು ಬಂದಾರ!"

ಯಾವ ವಿಷ ಅವರ ಬಾಯಿಗೆ ಏನು ಮಾಡಿದೆ ಎಂದು ನೋಡಲು ಬಂದಿದ್ದೆನೋ, ನನಗೆ ಗೌರವ ಕೊಡಲೆಂದು ಅದನ್ನೇ ಮೆತ್ತಿಕೊಂಡು ಬಂದಿದ್ದರು. ಸಿಟ್ಟು ನೆತ್ತಿಗೇರಿತು. ಆದರೆ ಅಷ್ಟು ಮುಖಗಳು ಶಾಬಾಸ್‌ಗಿರಿಗಾಗಿ ಕಾಯುತ್ತಿರುವಾಗ ಯಾರನ್ನು ಬಯ್ಯಲಿ? ಸುಮ್ಮನೆ ಬ್ರಷ್ ಆಡಿಸಿದೆ.

ಅವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಮೊದಲೆಲ್ಲ ಹಸಿಮೆಣಸಿನಕಾಯಿ ಕಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದ ನನ್ನ ಅತ್ತೆ ಈಗ ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ ನುಂಗುತ್ತಿದ್ದಳು. ಖಾರ ಯಾಕೆ ಬಿಟ್ಟೆ ಎಂದರೆ "ಪಿತ್ತ" ಎಂದಳು. ನಗುವಾಗ ಸೆರಗು ಬಾಯಿಗೆ ಅಡ್ಡ ಹಿಡಿಯುತ್ತಿದ್ದಳು. ಆ ಅಭ್ಯಾಸ ಆಕೆಗೆ ಎಂದೂ ಇರಲಿಲ್ಲ. ಬಾಯಿಗೆ ಖಾರ ತಡೆಯದಿರುವುದು ಯಾವುದರ ಮುನ್ಸೂಚನೆ ಇರಬಹುದು ಎಂದು ನನಗೆ ಗೊತ್ತಿತ್ತು.

"ಒಂದ್ಸಲ ಬಾಯಿ ತಗೀ ಅತ್ತಿ. ನೋಡ್ತೀನಿ."

"ಊರ ಬಾಯಿ ನೋಡು. ನನ್ನ ಬಾಯಿ ತಂಟಿಗಿ ಬರಬ್ಯಾಡ."

"ಯಾಕ?"

"ನೋಡಿದ್ರ ಇರ್ತದ. ನೋಡಲಿಲ್ಲಂದ್ರ ಇರಂಗಿಲ್ಲ," ಎಂದು ತಟ್ಟೆ ಎತ್ತಿಕೊಂಡು ಹೋದಳು.

ಹೈದರಾಬಾದಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಇಟ್ಟಾಗ ಕೋಶಗಳಿಗಿಂತ ಮಸಿಯೇ ಹೆಚ್ಚು ಕಂಡಿತು. ನಮ್ಮ ಲ್ಯಾಬಿನ ಮೇಡಂ ಒಳ್ಳೆಯವರು. ನಗು ತಡೆಯಲಾಗದೆ ನಕ್ಕು, ಇನ್ನೊಂದು ಸಲ ಹೋಗಿ ಬನ್ನಿ ಎಂದರು. ಅವರಿಗೆ ಸ್ಯಾಂಪಲ್ಲಿನ ಚಿಂತೆ. ನನಗೆ ಸುರಪುರದ ಒಂದೇ ಒಂದು ಬಾಯಿಯ ಚಿಂತೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನು ಬಾನಿಯಲ್ಲಿ ಬಿತ್ತಂತೆ. ಕಂಡವರ ಕೋಶಗಳನ್ನು ವರ್ಷಗಟ್ಟಲೆ ದಿಟ್ಟಿಸಿದ ನನಗೆ ಎತ್ತಿ ಆಡಿಸಿದವಳ ಕೆನ್ನೆಯೊಳಗೆ ಇಣುಕಲು ಆಗಿರಲಿಲ್ಲ.

ಫೋನ್ ಮಾಡಿದೆ. "ಈ ಸಲ ಯಾರೂ ಮಿಶ್ರಿ ಹಚ್ಚಬಾರದು. ಹಿಂದಿನ ಸಂಜೀಲಿಂದನ ಬ್ಯಾಡ. ಬರೇ ನೀರು ಮುಕ್ಕಳಿಸಿ ಬರ್ಲಿ."

ಗಿರಣಿಯ ಸದ್ದಿನ ನಡುವೆ ಅತ್ತೆ ಕೂಗಿದಳು: "ನೀರು ಮುಕ್ಕಳಿಸಿದ್ರ ಬಾಯಿ ತೊಳದಂಗ ಆತೇನ? ಹಳಸಿದ ಬಾಯಿ ತಗೊಂಡು ಮಂದಿ ಮುಂದ ಹೆಂಗ ಕುಂದರ್ತಾರ? ನಾಚಿಕಿ ಬ್ಯಾಡ?"

"ಯಾರರ ಒಬ್ಬಾಕಿ ಮೊದಲು ಕುಂತ್ರ ಉಳಿದವ್ರೂ ಕುಂದರ್ತಾರ," ಎಂದೆ.

ಎರಡನೆಯ ಸಲ ಅದೇ ದಂತ ವೈದ್ಯೆಯ ಜೊತೆ ಹೋದಾಗ ಜನ ಅಷ್ಟೇ ಇತ್ತು, ಗದ್ದಲ ಮಾತ್ರ ಇರಲಿಲ್ಲ. ಎಲ್ಲರೂ ಗಿರಣಿಯ ಗೋಡೆಗುಂಟ ಬಾಯಿಗೆ ಸೆರಗು ಮುಚ್ಚಿಕೊಂಡು, ಯಾರದೋ ಸಾವಿಗೆ ಬಂದವರಂತೆ ಕೂತಿದ್ದರು. ಹುಣಸಗಿಯಿಂದ ಬಂದಿದ್ದ ಒಬ್ಬ ಮುದುಕಿ ಮಿಶ್ರಿಯಿಲ್ಲದೆ ತಲೆ ಸಿಡಿಯುತ್ತಿದೆ ಎಂದು ಗೊಣಗುತ್ತಿದ್ದಳು. ಕುರ್ಚಿ ಹಾಕಿ, ಟಾರ್ಚ್ ಹಿಡಿದು ನಿಂತೆ. ಒಬ್ಬರೂ ಏಳಲಿಲ್ಲ. ಕೊನೆಗೆ ಆ ಮುದುಕಿಯೇ ಅತ್ತೆಯ ಕಡೆ ತಿರುಗಿದಳು.

"ನೀ ಕರದೀ ಅಂತ ಬಂದೀವಿ. ಮೊದಲ ನೀ ಕುಂದ್ರವ್ವಾ."

ಅತ್ತೆ ಆಕೆಯನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಹೋಗಿ ಮೋಟಾರು ಬಂದ್ ಮಾಡಿದಳು. ಹಾಡುಹಗಲು ಆ ಗಿರಣಿ ನಿಂತದ್ದನ್ನು ನಾನು ಕಂಡಿರಲಿಲ್ಲ. ಮೈಮೇಲಿನ ಹಿಟ್ಟು ಝಾಡಿಸಿಕೊಂಡು ಬಂದು ಕೂತು, ನನ್ನ ಮುಖವನ್ನೇ ನೋಡುತ್ತಾ ಬಾಯಿ ತೆರೆದಳು.

ಎಡಗೆನ್ನೆಯ ಒಳಗೆ, ದಿನವೂ ಮಿಶ್ರಿ ನಿಲ್ಲುವ ಜಾಗದಲ್ಲಿ, ಬಿಳಿಯ ಮಚ್ಚೆಯಿತ್ತು. ನನಗೆ ಹೆದರಿಕೆಯಾಯಿತು. ಇಂಥ ಮಚ್ಚೆಗಳ ಬಗ್ಗೆ ಓದಿದ್ದೆಲ್ಲ ಒಟ್ಟಿಗೇ ನೆನಪಾಯಿತು. ದಂತ ವೈದ್ಯೆ ಬೆರಳಿನಿಂದ ಮುಟ್ಟಿ ನೋಡಿ, ಸಣ್ಣ ತುಂಡು ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದರು.

"ಏನರ ಅದ ಏನು?" ಎಂದು ಅತ್ತೆ ನನ್ನನ್ನು ಕೇಳಿದಳು.

"ಅದ. ಏನಂತ ಇನ್ನಾ ಗೊತ್ತಿಲ್ಲ."

ಆಕೆ ತಲೆಯಾಡಿಸಿ, ಎದ್ದು, ಹೆಂಗಸರ ಕಡೆ ತಿರುಗಿದಳು. "ನಂದು ಮುಗೀತು. ಏಳ್ರಿ, ಏನ್ ನೋಡಾಕತ್ತೀರಿ?" ಒಬ್ಬೊಬ್ಬರಾಗಿ ಸೆರಗು ಸರಿಸಿ ಬಂದರು. ಅವತ್ತಿನಷ್ಟು ಒಳ್ಳೆಯ ಸ್ಯಾಂಪಲ್ಲುಗಳು ನನಗೆ ಮತ್ತೆ ಸಿಕ್ಕಿಲ್ಲ. ನನ್ನ ಕಣ್ಣಿದ್ದದ್ದು ಮಾತ್ರ ಅತ್ತೆಯ ಮೇಲೆ.

ಕಲಬುರಗಿಯಲ್ಲಿ ತುಂಡು ತೆಗೆದರು. ಫಲಿತಾಂಶ ಬರುವವರೆಗೆ ನಾನು ಲ್ಯಾಬಿನಲ್ಲಿ ಮಾಡಿದ ಕೆಲಸವನ್ನೆಲ್ಲ ಆಮೇಲೆ ಮತ್ತೊಮ್ಮೆ ಮಾಡಬೇಕಾಯಿತು. ಬಂದ ಉತ್ತರ ಇಷ್ಟು: ಕ್ಯಾನ್ಸರ್ ಅಲ್ಲ. ಕೋಶಗಳು ಬದಲಾಗತೊಡಗಿವೆ, ಇನ್ನೂ ಮೊದಲ ಹಂತ. ತಂಬಾಕು ಬಿಟ್ಟರೆ ತಿಳಿಯಾಗಬಹುದು, ಆಗಾಗ ತೋರಿಸುತ್ತಿರಬೇಕು. ವರದಿಗೆಂದು ಬಂದು ಹಿಂತಿರುಗುವಾಗ, ಯಾದಗಿರಿ ಸ್ಟೇಷನ್ನಿನಲ್ಲಿ ನನ್ನನ್ನು ರೈಲು ಹತ್ತಿಸಲು ಬಂದ ಅತ್ತೆಗೆ ಅದನ್ನು ವಿವರಿಸುತ್ತಾ ವಿವರಿಸುತ್ತಾ ನನಗೇ ಅಳು ಬಂತು.

"ಅಳಾಕ ಇಷ್ಟು ಓದಬೇಕಿತ್ತೇನ?" ಎಂದು ಬೈದು, ಸೆರಗಿನಿಂದ ನನ್ನ ಕಣ್ಣು ಒರೆಸಿದಳು. ಸೊಂಟದ ಡಬ್ಬಿ ತೆಗೆದು ಹಳಿಗಳ ಮೇಲೆ ಎಸೆಯಲು ಹೋದವಳು, ಅಲ್ಲಿ ಆಡುಗಳು ಮೇಯುತ್ತಿದ್ದುದನ್ನು ಕಂಡು, ನನ್ನ ಚೀಲಕ್ಕೆ ತುರುಕಿದಳು.

ಬಿಡುವುದು ಸುಲಭವಾಗಲಿಲ್ಲ. ಮೊದಲ ತಿಂಗಳು ಗಿರಣಿಗೆ ಬಂದವರಿಗೆಲ್ಲ ಹಿಟ್ಟಿನ ಜೊತೆ ಬೈಗುಳವೂ ಸಿಕ್ಕಿತಂತೆ. ಆಕೆಯನ್ನು ನೋಡಿ ಕೆಲವರು ಬಿಟ್ಟಿದ್ದಾರೆ, ಕೆಲವರು ಬಿಟ್ಟೆವೆಂದು ಸುಳ್ಳು ಹೇಳುತ್ತಾರೆ. ಮಿಶ್ರಿ ಹುರಿಯುತ್ತಿದ್ದ ಹೆಂಚಿನ ಮೇಲೆ ಈಗ ಶೇಂಗಾ ಹುರಿಯುತ್ತಾಳೆ.

ಮೊನ್ನೆ ಹೋದಾಗ, ಬಂದವರಿಗೆ ಮೊದಲು ನೀರು ಬೆಲ್ಲ ಕೊಡುವ ಪದ್ಧತಿ ಬಿಟ್ಟು, ಮೋಟಾರು ಬಂದ್ ಮಾಡಿ ಕುರ್ಚಿಯ ಮೇಲೆ ಕೂತಳು. ಟಾರ್ಚ್ ಹಿಡಿದೆ. ಮಚ್ಚೆ ತೆಳುವಾಗಿತ್ತು, ಅಂಚು ಗುಲಾಬಿಗೆ ತಿರುಗಿತ್ತು. ಕೋಶಗಳ ಒಳಗಿನ ಸಂಗತಿ ಟಾರ್ಚಿಗೆ ಕಾಣುವುದಿಲ್ಲ, ಅದು ನನಗೆ ಚೆನ್ನಾಗಿ ಗೊತ್ತು. ಆದರೂ ಖುಷಿಯಾಯಿತು.

ಊಟಕ್ಕೆ ಕೂತಾಗ ರೊಟ್ಟಿಯ ಮೇಲೆ ತಾನೇ ಕೆಂಪು ಖಾರ ಹಾಕಿಕೊಂಡಳು. ಒಂದು ತುತ್ತು ತಿಂದಳು. ಕಣ್ಣಲ್ಲಿ ನೀರು ತುಂಬಿತು. ನಾನು ಗಾಬರಿಯಿಂದ, "ಮಚ್ಚಿ ಉರಿಯಾಕತ್ತದೇನ?" ಎಂದೆ.

"ಇಲ್ಲ. ಖಾರ ಹತ್ತಾಕತ್ತದ," ಎಂದಳು. ಬಾಯಿಗೆ ಸೆರಗು ಅಡ್ಡ ಹಿಡಿಯದೆ, ನನಗೆ ಹಲ್ಲೆಲ್ಲ ಕಾಣುವಂತೆ ನಕ್ಕಳು. "ಇನ್ನೊಂದು ರೊಟ್ಟಿ ಹಾಕು."